ಏರಿನ ಓಣಿಗೇಕೆ ನೀರಿಲ್ಲ?

(ರಾಜೇಶ್ವರದಲ್ಲಿ ಯುವಕರ ಮುಂದೆ ಆಡಿದ ಮಾತುಗಳು)



ಬೆಂಗಳೂರು, ಕಲಬುರಗಿ, ಹೈದರಾಬಾದುಗಳಲ್ಲಿ ದುಡಿಯುವ ನೀವು ಇಂದು ರಾಜೇಶ್ವರಕ್ಕೆ ಬಂದು ಕೂತಿದ್ದೀರಿ. ನಸುಕಿನಲ್ಲೆದ್ದು ನಳದ ಮುಂದೆ ಕೊಡ ಇಟ್ಟು ಕಾದವರು ಕೈ ಎತ್ತಿ. ನೋಡಿ, ಹೆಚ್ಚುಕಡಿಮೆ ಎಲ್ಲರೂ! ಕೇಳಿದರೆ ಉತ್ತರ ಒಂದೇ: ನೀರಿಲ್ಲ. ಹಾಗಾದರೆ ಅದೇ ಊರಿನ ತಗ್ಗಿನ ಬಡಾವಣೆಯಲ್ಲಿ ಕಾರು ತೊಳೆಯುವ ನೀರು ಎಲ್ಲಿಯದು?

ಕೊರತೆಯೇ ಇಲ್ಲ ಎಂದು ನಾನು ಹೇಳುವುದಿಲ್ಲ. ಬೀದರ್ ಜಿಲ್ಲೆಯವರಿಗೆ ಬರ ಏನೆಂದು ಯಾರೂ ಪಾಠ ಹೇಳಬೇಕಿಲ್ಲ. ಆದರೆ ಇರುವ ನೀರು ಏರಿನ ಓಣಿಗೆ ಹತ್ತದಿರುವುದು ಬೇರೆಯೇ ರೋಗ. ಅದು ಒತ್ತಡದ ರೋಗ.

ಟ್ಯಾಂಕಿನ ನೀರು ನಿಮ್ಮ ನಳಕ್ಕಿಂತ 10 ಮೀಟರ್ ಎತ್ತರದಲ್ಲಿದ್ದರೆ ನಳದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ. ಕೇಂದ್ರ ಸರ್ಕಾರದ 1999ರ ನೀರು ಸರಬರಾಜು ಕೈಪಿಡಿ ಒಂದಂತಸ್ತಿನ ಮನೆಗೆ 7 ಮೀಟರ್, ಎರಡಂತಸ್ತಿಗೆ 12 ಮೀಟರ್ ನೀರಿನೆತ್ತರದಷ್ಟಾದರೂ ಒತ್ತಡ ಬೇಕೆಂದಿತು. ಏರಿಗೂ ತಗ್ಗಿಗೂ ಒಂದೇ ಟ್ಯಾಂಕು, ಒಂದೇ ಪೈಪು ಜೋಡಿಸಿದರೆ ತಗ್ಗಿನಲ್ಲಿ ಪೈಪು ಒಡೆಯುತ್ತದೆ, ಏರಿನ ನಳದಲ್ಲಿ ಬರೀ ಗಾಳಿ ಬುಸುಗುಡುತ್ತದೆ. ಊರನ್ನು ಎತ್ತರ ನೋಡಿ ಒತ್ತಡದ ವಲಯಗಳಾಗಿ ಒಡೆಯಬೇಕು, ವಲಯಕ್ಕೊಂದು ಟ್ಯಾಂಕು ಬೇಕು ಎನ್ನುವುದು ಇದಕ್ಕೇ. ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದವರು ನೆಲದೊಳಗೆ ಸುರಂಗ ಕೊರೆದು ಬರೀ ಇಳಿಜಾರಿನ ಬಲದಲ್ಲೇ ನೀರು ಹರಿಸಿದರು. ಮಟ್ಟದ ಲೆಕ್ಕ ನಮ್ಮ ಸೀಮೆಗೆ ಹೊಸದೇನಲ್ಲ!

ಇನ್ನು ಬೆಳಗಿನ ಗದ್ದಲ. ಊರೆಲ್ಲ ಒಮ್ಮೆಲೇ ಸ್ನಾನಕ್ಕಿಳಿಯುತ್ತದೆ. ಪಂಪು ಅಷ್ಟು ಜೋರಾಗಿ ದೂಡಲಾರದು. ಅದು ರಾತ್ರಿಯಿಡೀ ಟ್ಯಾಂಕು ತುಂಬಿಸಿಡಬೇಕು, ಬೆಳಿಗ್ಗೆ ಟ್ಯಾಂಕು ಊರಿಗೆ ಕೊಡಬೇಕು. ಪೈಪಿಗೂ ಲೆಕ್ಕವಿದೆ: ಅದೇ ಕೈಪಿಡಿಯ ಪ್ರಕಾರ 50,000ಕ್ಕಿಂತ ಕಡಿಮೆ ಜನರಿರುವ ಊರಲ್ಲಿ ಸರಾಸರಿ ಹರಿವಿನ 3 ಪಟ್ಟು, 2 ಲಕ್ಷ ಮೀರಿದ ಊರಲ್ಲಿ 2 ಪಟ್ಟು ಹೊರುವಂತಿರಬೇಕು. ಈಗ ನೀವೇ ಭಾಗಿಸಿ. ದಿನದ ನೀರನ್ನೆಲ್ಲ 2 ತಾಸಿನಲ್ಲಿ ಬಿಟ್ಟರೆ ಎಷ್ಟಾಯಿತು? 12 ಪಟ್ಟು! ಹರಿವು ಇಮ್ಮಡಿಯಾದರೆ ಪೈಪಿನ ಘರ್ಷಣೆಗೆ ಸೋರಿಹೋಗುವ ಒತ್ತಡ ಸುಮಾರು ನಾಲ್ಕು ಪಟ್ಟಾಗುತ್ತದೆ. ಏರಿನ ಓಣಿ ಮುಟ್ಟುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಆಗ ಉಳ್ಳವರು ಪೈಪಿಗೇ ಮೋಟಾರು ಹಚ್ಚುತ್ತಾರೆ. ಅದು ಪಕ್ಕದ ಮನೆಯ ನೀರನ್ನಷ್ಟೇ ಅಲ್ಲ, ಒಡಕಿನಿಂದ ಗಟಾರದ ನೀರನ್ನೂ ಎಳೆಯುತ್ತದೆ. ಕುಡಿಯುವವರು ಎಲ್ಲರೂ.

ಇದಕ್ಕೆ ಮದ್ದಿಲ್ಲವೇ? ಪಕ್ಕದ ಕಲಬುರಗಿಗೇ ಹೋಗಿ ನೋಡಿ. 2004ರಲ್ಲಿ ವಿಶ್ವಬ್ಯಾಂಕು ಮಂಜೂರು ಮಾಡಿದ ಸಾಲದಿಂದ ಕಲಬುರಗಿ, ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳಲ್ಲಿ ಆಯ್ದ ವಲಯಗಳನ್ನು ಬೇರ್ಪಡಿಸಿ, ಹೊಸ ಪೈಪು, ಮೀಟರು ಹಾಕಿ, ದಿನದ 24 ತಾಸೂ ನೀರು ಕೊಟ್ಟರು. ಖಾಸಗಿ ಕಂಪನಿಯ ಕೈಗೆ ಕೊಟ್ಟದ್ದಕ್ಕೆ ನನ್ನ ತಕರಾರಿದೆ, ಅದು ಇನ್ನೊಂದು ಭಾಷಣ. ಆದರೆ ನಳ ಯಾವಾಗಲೂ ಬರುತ್ತದೆಂಬ ನಂಬಿಕೆ ಹುಟ್ಟಿದರೆ ಜನ ಒಮ್ಮೆಲೇ ಮುಗಿಬೀಳುವುದಿಲ್ಲ. ಅನ್ಯಾಯವೆಂದರೆ ಆ ಪ್ರಯೋಗ ಮುಟ್ಟಿದ್ದು ಆ ಊರುಗಳ ಸುಮಾರು ಹತ್ತನೇ ಒಂದು ಪಾಲು ಜನರನ್ನು ಮಾತ್ರ!

ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಮೇಲೆತ್ತಿ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರ್ ತರುವ ಸಾಮರ್ಥ್ಯ ಸೇರಿತು. ಅಷ್ಟು ಎತ್ತರಕ್ಕೆ ತಂದ ನೀರು ನಿಮ್ಮ ಬೀದಿಯ ಕೊನೆಯ 20 ಅಡಿ ಏರಲಾರದೇ?

ಟ್ಯಾಂಕರಿಗೆ ದುಡ್ಡು ಸುರಿಯುವ ಮೊದಲು 10 ರೂಪಾಯಿ ಖರ್ಚು ಮಾಡಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕನ್ನಡದಲ್ಲೇ ಅರ್ಜಿ ಬರೆಯಿರಿ. ನಮ್ಮ ಓಣಿ ಯಾವ ವಲಯದಲ್ಲಿದೆ, ಅದರ ಟ್ಯಾಂಕು ಎಷ್ಟು ಲೀಟರಿನದು, ಬೆಳಿಗ್ಗೆ 7ಕ್ಕೆ ಅತಿ ಎತ್ತರದ ಮನೆಯ ಒತ್ತಡವೆಷ್ಟು, ಅತಿ ತಗ್ಗಿನದೆಷ್ಟು, ಅಳೆದ ದಾಖಲೆ ಕೊಡಿ ಎಂದು ಕೇಳಿ. ಉತ್ತರಕ್ಕೆ ಅವರಿಗೆ 30 ದಿನ ಗಡುವು. ಬಂದ ಕಾಗದವನ್ನು ಓಣಿಯ ನಳದ ಕಟ್ಟೆಗೆ ಅಂಟಿಸಿ.