ಜೇವರ್ಗಿ ಒಂದೇ ಯಾಕೆ ಸಿಗಲಿಲ್ಲ?

ಕಲಬುರಗಿ ಜಿಲ್ಲೆಯ ದೊಡ್ಡವರ ಬಾಯಲ್ಲಿ ಈಗೀಗ ತುಂಬ ಓಡಾಡುವ ಮಾತೊಂದಿದೆ: “ಸರ್ವರ್ ಡೌನ್ ಅದ, ನಾಳಿಗಿ ಬರ್ರಿ.” ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವಾಗ, ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗ, ಹೊಲದ ಪಹಣಿ ತೆಗೆಸುವಾಗ ಎಲ್ಲೆಲ್ಲೂ ಇದೇ. ಫೋನಿಗೆ ಸಿಗ್ನಲ್ ಇಲ್ಲದಿದ್ದರೂ ಸರ್ವರ್ ಡೌನ್, ಹೆಸರು ತಪ್ಪು ಬರೆದಿದ್ದರೂ ಸರ್ವರ್ ಡೌನ್, ಪಾಸ್‌ವರ್ಡ್ ಮರೆತಿದ್ದರೂ ಸರ್ವರ್ ಡೌನ್! ಎಲ್ಲೋ ದೂರದ ಕೋಣೆಯಲ್ಲಿ ಗುಂಯ್ ಎನ್ನುತ್ತ ಕೆಲಸ ಮಾಡುತ್ತಿರುವ ಯಂತ್ರದ ಮೇಲೆ ಪಾಪ, ಎಷ್ಟೊಂದು ಚಾಡಿ.

ಮಕ್ಕಳೇ, ಪರದೆಯ ಮೇಲೆ 404 ಎಂಬ ಸಂಖ್ಯೆ ಮೂಡಿತು ಎಂದರೆ ಸರ್ವರ್ ಮಲಗಿಲ್ಲ, ಚೆನ್ನಾಗಿಯೇ ಎಚ್ಚರವಿದೆ ಎಂದು ತಿಳಿಯಿರಿ. ನಿಮ್ಮ ಕೋರಿಕೆ ಅಲ್ಲಿಯವರೆಗೆ ಹೋಗಿ ಮುಟ್ಟಿದೆ. ಅದು ಓದಿದೆ, ಹುಡುಕಿದೆ, “ನೀವು ಕೇಳಿದ್ದು ನನ್ನ ಹತ್ತಿರ ಇಲ್ಲ” ಎಂದು ಮರ್ಯಾದೆಯಿಂದ ಉತ್ತರವನ್ನೂ ಕಳಿಸಿದೆ. ಕೆಟ್ಟು ನಿಂತ ಯಂತ್ರ ಉತ್ತರ ಕೊಡುವುದುಂಟೇ?

ಸರ್ವರ್ ಎಂದರೆ ಬೇರೇನಲ್ಲ, ಬೇರೆಯವರು ಕೇಳಿದ್ದನ್ನು ಕೊಡಲೆಂದೇ ಹಗಲೂ ರಾತ್ರಿ ಚಾಲೂ ಇಟ್ಟ ಕಂಪ್ಯೂಟರ್. ನಿಮ್ಮ ಫೋನಿನ ಬ್ರೌಸರ್ ಅದಕ್ಕೆ ಕೋರಿಕೆ ಕಳಿಸುತ್ತದೆ: ಯಾವ ವಿಳಾಸದ ಪುಟ, ಅದನ್ನು ಬರೀ ನೋಡಬೇಕೋ ಅಥವಾ ಅಲ್ಲಿ ಏನಾದರೂ ಸಲ್ಲಿಸಬೇಕೋ. ವಾಪಸು ಬರುವ ಪ್ರತಿ ಉತ್ತರಕ್ಕೂ ಮೊದಲ ಸಾಲಿನಲ್ಲಿ ಮೂರಂಕಿಯ ಸಂಖ್ಯೆಯೊಂದು ಇರುತ್ತದೆ. ಎಲ್ಲ ಸರಿಯಿದ್ದರೆ ಅದು 200. ದಿನಕ್ಕೆ ನೂರಾರು 200 ನಿಮ್ಮ ಫೋನಿಗೆ ಬರುತ್ತವೆ. ಆದರೆ ಬ್ರೌಸರ್ ಅದನ್ನು ತೋರಿಸುವ ಗೋಜಿಗೆ ಹೋಗದೆ ನೇರ ಪುಟವನ್ನೇ ತೆರೆದುಬಿಡುತ್ತದೆ. ಎಡವಟ್ಟಾದಾಗ ಮಾತ್ರ ಸಂಖ್ಯೆ ಹೊರಗೆ ಬರುತ್ತದೆ.

ಸಂಖ್ಯೆಯ ಮೊದಲ ಅಂಕಿಯನ್ನು ನೋಡುವುದು ಕಲಿತರೆ ಅರ್ಧ ಕೆಲಸ ಮುಗಿಯಿತು. 4ರಿಂದ ಶುರುವಾದರೆ ತೊಡಕು ಕೇಳಿದ ರೀತಿಯಲ್ಲಿದೆ. 5ರಿಂದ ಶುರುವಾದರೆ ಕೊಡುವವರ ಕಡೆ ಇದೆ. 3 ಬಂದರೆ “ಅದು ಬೇರೆ ಕಡೆ ಇದೆ, ಅಲ್ಲಿಗೆ ಹೋಗಿ” ಎಂದು. ವೆಬ್‌ನ ಕಲ್ಪನೆಯನ್ನು 1989ರಲ್ಲಿ ಮುಂದಿಟ್ಟವರು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ. ಅದಾಗಿ ಕೆಲವೇ ವರ್ಷಗಳಲ್ಲಿ ಈ ಸಂಖ್ಯೆಗಳೂ ಬಂದವು. ಸರ್ನ್‌ನಲ್ಲಿ 404 ನಂಬರಿನ ಕೋಣೆಯೊಂದಿತ್ತು, ಕಳೆದುಹೋದ ಕಡತಗಳೆಲ್ಲ ಅಲ್ಲೇ ಇರುತ್ತಿದ್ದವು ಎಂಬ ಕಥೆಯನ್ನು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ, ಅದು ಬರೀ ಕಟ್ಟುಕಥೆ.

ಈಗ ವಿಳಾಸದ ವಿಷಯ. ಅಂಚೆಯ ಪಿನ್ ಕೋಡ್ ನಿಮಗೆ ಗೊತ್ತಲ್ಲ? 1972ರ ಆಗಸ್ಟ್ 15ರಂದು ದೇಶದಲ್ಲಿ ಜಾರಿಗೆ ಬಂದದ್ದು. ಆಳಂದದ್ದು 585302, ಅಫಜಲಪುರದ್ದು 585301, ಜೇವರ್ಗಿಯದ್ದು 585310. ಮೂರಕ್ಕೂ ಮೊದಲ ಮೂರಂಕಿ ಒಂದೇ, 585. ದೆಹಲಿಯಲ್ಲಿ ಪತ್ರ ವಿಂಗಡಿಸುವವರು ಆಳಂದ ಎಲ್ಲಿದೆ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, 585 ನೋಡಿ ಕಲಬುರಗಿ ಕಡೆಯ ಚೀಲಕ್ಕೆ ಹಾಕಿದರಾಯಿತು. ಉಳಿದ ಮೂರಂಕಿ ಕೆಲಸಕ್ಕೆ ಬರುವುದು ಇಲ್ಲಿಗೆ ಬಂದ ಮೇಲೆ. ಕೊನೆಯ 2ರ ಬದಲು 1 ಬರೆದರೆ ಆಳಂದದ ಅಜ್ಜಿಯ ಪತ್ರ ಅಫಜಲಪುರಕ್ಕೆ ಹೋಗಿ ಕೂರುತ್ತದೆ. ವೆಬ್ ಆ್ಯಪ್ ಕೂಡ ವಿಳಾಸವನ್ನು ಹೀಗೇ ತುಂಡು ತುಂಡಾಗಿ ಎಡದಿಂದ ಬಲಕ್ಕೆ ಓದುತ್ತದೆ. ಮೊದಲ ತುಂಡು ಯಾವ ಸರ್ವರ್ ಎಂದು ಹೇಳುತ್ತದೆ. ಓರೆಗೆರೆಯ ನಂತರದ ತುಂಡುಗಳು ಆ ಸರ್ವರ್‌ನ ಒಳಗೆ ಯಾವ ಪುಟ ಎಂದು ಹೇಳುತ್ತವೆ. ಈ ಎರಡನೆಯ ಕೆಲಸಕ್ಕೆ ಕಂಪ್ಯೂಟರ್ ಮಂದಿ ರೂಟಿಂಗ್ ಎನ್ನುತ್ತಾರೆ.

ನಿಮ್ಮ ಮನೆಯಲ್ಲಿ ಹೊಲವಿದ್ದರೆ ಇನ್ನೊಂದು ಕಡೆಯೂ ಇದನ್ನು ನೋಡಿರುತ್ತೀರಿ. ಕರ್ನಾಟಕದಲ್ಲಿ 2000ದ ಆಸುಪಾಸಿನಲ್ಲಿ ಶುರುವಾದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅಷ್ಟರಲ್ಲಿ ಒಂದನ್ನು ಹುಡುಕುವುದು ಹೇಗೆ? ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ಎಂದು ಒಂದೊಂದೇ ಆರಿಸುತ್ತ ಹೋಗಬೇಕು. ಒಂದು ಮೆಟ್ಟಿಲು ತಪ್ಪಿದರೂ ಮುಂದಿನದ್ದೆಲ್ಲ ತಪ್ಪು. ನಮ್ಮ ಕಡೆ ಊರ ಹೆಸರಿನ ಮುಂದೆ ‘ಬಿ’, ‘ಕೆ’ ಎಂಬ ಬಾಲ ಇರುವುದನ್ನು ಗಮನಿಸಿದ್ದೀರಾ? ಅಫಜಲಪುರ ತಾಲೂಕಿನಲ್ಲಿ ಗೊಬ್ಬೂರ ಬಿ ಇದೆ. ಕಲಬುರಗಿಯ ಪಕ್ಕದಲ್ಲೇ ನಂದೂರ ಬಿ, ನಂದೂರ ಕೆ ಎರಡೂ ಇವೆ. ಬಾಲ ಬಿಟ್ಟು ಬರೀ ನಂದೂರ ಎಂದು ಕೇಳಿದರೆ ಮನುಷ್ಯರು “ಯಾವ ನಂದೂರ?” ಎಂದು ಮರುಪ್ರಶ್ನೆ ಹಾಕುತ್ತಾರೆ. ಕಂಪ್ಯೂಟರ್ ಹಾಗೆ ಕೇಳುವುದಿಲ್ಲ, 404 ಎನ್ನುತ್ತದೆ.

ಬನ್ನಿ, ನಾವೇ ಒಂದು ಪುಟ್ಟ ಆ್ಯಪ್ ಮಾಡಿದ್ದೇವೆ ಎಂದುಕೊಳ್ಳೋಣ. ಅದರಲ್ಲಿ ಮೂರು ತಾಲೂಕಿಗೆ ಮೂರು ಪುಟ. ಆಳಂದದ ಪುಟದಲ್ಲಿ ಅಮರ್ಜಾ ಅಣೆಕಟ್ಟು, ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ. ಅಫಜಲಪುರದ ಪುಟದಲ್ಲಿ ಸೊನ್ನ ಬ್ಯಾರೇಜು, ಭೀಮೆಗೆ ಅಮರ್ಜೆ ಸೇರುವ ಗಾಣಗಾಪುರದ ಸಂಗಮ. ಜೇವರ್ಗಿಯ ಪುಟದಲ್ಲಿ ಕಟ್ಟಿಸಂಗಾವಿಯ ಭೀಮಾ ಸೇತುವೆ. ವಿಳಾಸ ಹೀಗೆ: /ತಾಲೂಕು/ಆಳಂದ, /ತಾಲೂಕು/ಅಫಜಲಪುರ, /ತಾಲೂಕು/ಜೇವರ್ಗಿ. ಜೊತೆಗೆ ಎಲ್ಲ ತಾಲೂಕುಗಳ ಯಾದಿ ತೋರಿಸಲು /ತಾಲೂಕು/ಪಟ್ಟಿ.

ಮೊದಲ ಎಡವಟ್ಟು ಪಟ್ಟಿಯಲ್ಲೇ. ಅದನ್ನು ತೆರೆದರೆ 404! ನಾವು ಆ್ಯಪ್‌ಗೆ ಎರಡು ನಿಯಮ ಬರೆದುಕೊಟ್ಟಿದ್ದೆವು. ಮೇಲಿನದ್ದು, “/ತಾಲೂಕು/ ಆದಮೇಲೆ ಏನೇ ಬರಲಿ, ಅದನ್ನು ತಾಲೂಕಿನ ಹೆಸರೆಂದು ತಿಳಿದು ಹುಡುಕು.” ಕೆಳಗಿನದ್ದು, “/ತಾಲೂಕು/ಪಟ್ಟಿ ಬಂದರೆ ಯಾದಿ ತೋರಿಸು.” ಜ್ಯಾಂಗೊ, ಎಕ್ಸ್‌ಪ್ರೆಸ್ ಮೊದಲಾದ ವೆಬ್ ಆ್ಯಪ್ ಕಟ್ಟುವ ಸಲಕರಣೆಗಳು ನಿಯಮಗಳನ್ನು ಮೇಲಿನಿಂದ ಕೆಳಗೆ ಓದಿ, ಹೊಂದುವ ಮೊದಲ ನಿಯಮವನ್ನೇ ಹಿಡಿದುಬಿಡುತ್ತವೆ. ಹಾಗಾಗಿ ನಮ್ಮ ಆ್ಯಪ್ ಪಟ್ಟಿ ಎಂಬ ಹೆಸರಿನ ತಾಲೂಕನ್ನು ಹುಡುಕಿತು. ಅಂಥ ತಾಲೂಕು ಕಲಬುರಗಿ ಜಿಲ್ಲೆಯಲ್ಲಿ ಎಲ್ಲಿಂದ ಬರಬೇಕು? ಎರಡು ಸಾಲನ್ನು ಅದಲುಬದಲು ಮಾಡಿದೆವು, ಸರಿಯಾಯಿತು.

ಎರಡನೆಯ ಎಡವಟ್ಟು ಭಲೇ ಮಜವಾದದ್ದು. ಆಳಂದ ತೆರೆಯುತ್ತದೆ. ಅಫಜಲಪುರ ತೆರೆಯುತ್ತದೆ. ಜೇವರ್ಗಿ ಮಾತ್ರ 404. ಇಲ್ಲಿ ಗಾಬರಿಯಾಗಿ ಎಲ್ಲವನ್ನೂ ಅಳಿಸಿ ಬರೆಯಬಾರದು. ಗೊತ್ತಿರುವುದನ್ನು ಮೊದಲು ಬದಿಗೆ ತೆಗೆಯೋಣ. ಆಳಂದ ಬಂದಿದೆಯಾದ್ದರಿಂದ ಇಂಟರ್ನೆಟ್ ಇದೆ, ಸರ್ವರ್ ಇದೆ, ನಿಯಮವೂ ಸರಿ ಇದೆ. ಉಳಿದದ್ದು ಹೆಸರು ಒಂದೇ. ಕಾಗುಣಿತ ನೋಡಿದರೆ ಜೇ-ವ-ರ್ಗಿ, ತಪ್ಪೇನಿಲ್ಲ. ನಾವು ದಾಖಲೆಯಲ್ಲಿ ಬರೆದಿಟ್ಟ ಹೆಸರನ್ನೇ ಕಾಪಿ ಮಾಡಿ ವಿಳಾಸದಲ್ಲಿ ಅಂಟಿಸಿದರೆ ಪುಟ ತೆರೆಯುತ್ತದೆ! ಕೀಲಿಮಣೆಯಿಂದ ಟೈಪ್ ಮಾಡಿದರೆ ಇಲ್ಲ. ಕಣ್ಣಿಗೆ ಎರಡೂ ಒಂದೇ ಜೇವರ್ಗಿ.

ಒಂದು ಉಪಾಯವಿದೆ. ವಿಳಾಸದಲ್ಲಿ ಕನ್ನಡ ಅಕ್ಷರವಿದ್ದರೆ ಬ್ರೌಸರ್ ಅದನ್ನು ಹಾಗೇ ಕಳಿಸುವುದಿಲ್ಲ. ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ ಮೂರು ಬೈಟ್ ಬೇಕು. ಒಂದೊಂದು ಬೈಟನ್ನೂ ಶೇಕಡಾ ಗುರುತು ಮತ್ತು ಅದರ ಮುಂದೆ ಎರಡು ಚಿಹ್ನೆಗಳಾಗಿ ಬರೆದು ಕಳಿಸುತ್ತದೆ. ಅಂದರೆ ಒಂದು ಕನ್ನಡ ಚಿಹ್ನೆಗೆ ಒಂಬತ್ತು ಚಿಹ್ನೆ. ಆಳಂದದಲ್ಲಿ ಆ, ಳ, ಸೊನ್ನೆ, ದ ಎಂದು ನಾಲ್ಕು ಇವೆ, ಅದು ದಾರಿಯಲ್ಲಿ 36 ಚಿಹ್ನೆ ಉದ್ದವಾಗುತ್ತದೆ. ಬ್ರೌಸರ್‌ನ ವಿಳಾಸವನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ಈ ಉದ್ದನೆಯ ರೂಪ ಕಾಣಸಿಗುತ್ತದೆ. ಎರಡೂ ಜೇವರ್ಗಿಗಳನ್ನು ಹಾಗೆ ಅಂಟಿಸಿ ಎಣಿಸಿದರೆ ಒಂದು 63, ಇನ್ನೊಂದು 72! ಒಂದರಲ್ಲಿ ಏಳು ಚಿಹ್ನೆ, ಇನ್ನೊಂದರಲ್ಲಿ ಎಂಟು. ಕಣ್ಣಿಗೆ ಕಾಣದ ಎಂಟನೆಯದು ಯಾವುದು?

ಅದು ‘ಜೇ’ಯಲ್ಲಿ ಅಡಗಿದೆ. ಪ್ರಪಂಚದ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯುನಿಕೋಡ್‌ನಲ್ಲಿ ಏತ್ವದ ದೀರ್ಘ ಚಿಹ್ನೆಗೆ 3271 ಎಂಬ ಒಂದೇ ಸಂಖ್ಯೆ ಇದೆ. ಆದರೆ ಅದನ್ನೇ ಎರಡು ತುಂಡಾಗಿಯೂ ಬರೆಯಬಹುದು: ಹ್ರಸ್ವ ಎತ್ವಕ್ಕೆ 3270, ಪಕ್ಕದ ದೀರ್ಘಕ್ಕೆ 3285. ನಾವು ಸ್ಲೇಟಿನ ಮೇಲೆ ಮೊದಲು ‘ಜೆ’ ಬರೆದು ಆಮೇಲೆ ದೀರ್ಘ ಎಳೆಯುತ್ತೇವಲ್ಲ, ಹಾಗೆಯೇ. ಹಳೆಯ ಫಾಂಟುಗಳಲ್ಲಿ ದೀರ್ಘವೇ ಒಂದು ಬೇರೆ ಆಕೃತಿಯಾಗಿತ್ತು. ಅಂಥ ಬರಹವನ್ನು ಯುನಿಕೋಡ್‌ಗೆ ಪರಿವರ್ತಿಸುವಾಗ ಕೆಲವೊಮ್ಮೆ ಹೀಗೆ ಎರಡು ತುಂಡು ಉಳಿದುಬಿಡುತ್ತದೆ. ನಮ್ಮ ದಾಖಲೆಯ ಜೇವರ್ಗಿ ಆ ಬಗೆಯದು, ಟೈಪ್ ಮಾಡಿದ್ದು ಒಂದೇ ತುಂಡಿನದು. ಪರದೆಯ ಮೇಲೆ ಅವಳಿ ಜವಳಿ, ಕಂಪ್ಯೂಟರ್‌ಗೆ ಬೇರೆ ಬೇರೆ ಊರು. ಆಳಂದದಲ್ಲೂ ಅಫಜಲಪುರದಲ್ಲೂ ಏತ್ವವೇ ಇಲ್ಲ, ಹಾಗಾಗಿ ಅವು ಪಾರಾದವು. ಪರಿಹಾರ ಸುಲಭ. ಹೆಸರುಗಳನ್ನು ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ ಒಂದು ಸಾಲಿನ ಆದೇಶ ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಇದೆ, ಅದರ ಹೆಸರು ನಾರ್ಮಲೈಸೇಷನ್. ಕನ್ನಡದಲ್ಲಿ ಆ್ಯಪ್ ಮಾಡುವವರು ಈ ಸಾಲನ್ನು ಬರೆಯದೆ ಬಿಡಬಾರದು ಎಂಬುದು ನನ್ನ ಹಟ.

4ರ ಕುಟುಂಬದಲ್ಲಿ ಇನ್ನೂ ಕೆಲವರಿದ್ದಾರೆ. 400 ಎಂದರೆ ಕೋರಿಕೆಯೇ ಅರ್ಥವಾಗಲಿಲ್ಲ, ಸರ್ವೆ ನಂಬರ್ ಬರೆಯುವ ಜಾಗದಲ್ಲಿ ಅಜ್ಜನ ಹೆಸರು ಬರೆದಂತೆ. 401 ಎಂದರೆ ಮೊದಲು ಲಾಗಿನ್ ಆಗಿ. 403 ಎಂದರೆ ನೀವು ಯಾರೆಂದು ತಿಳಿದರೂ ಇದನ್ನು ನೋಡಲು ನಿಮಗೆ ಅನುಮತಿ ಇಲ್ಲ. 405 ಎಂದರೆ ಬರೀ ನೋಡಲು ಇರುವ ಪುಟಕ್ಕೆ ಅರ್ಜಿ ಸಲ್ಲಿಸಲು ಹೋಗಿದ್ದೀರಿ. 418 ಎಂಬುದೂ ಒಂದಿದೆ, “ನಾನು ಚಹಾದ ಕೆಟಲ್, ಕಾಫಿ ಕಾಸಲಾರೆ” ಎಂದು ಅದರ ಅರ್ಥ! 1998ರ ಏಪ್ರಿಲ್ 1ರಂದು ಎಂಜಿನಿಯರುಗಳು ಮಾಡಿದ ತಮಾಷೆ ಅದು.

3ರ ಗುಂಪಿಗೆ ನಮ್ಮ ಜಿಲ್ಲೆಯೇ ಉದಾಹರಣೆ. 2014ರ ನವೆಂಬರ್ 1ರಂದು ಗುಲಬರ್ಗಾ ಅಧಿಕೃತವಾಗಿ ಕಲಬುರಗಿ ಆಯಿತು. ಹಳೆಯ ಹೆಸರಿನ ವಿಳಾಸಗಳು ಪುಸ್ತಕಗಳಲ್ಲಿ, ಜನರ ಫೋನುಗಳಲ್ಲಿ ಉಳಿದಿರುತ್ತವಲ್ಲ? ಜಾಣ ಆ್ಯಪ್ ಆಗಿದ್ದರೆ ಹಳೆಯ ಹೆಸರಿನಲ್ಲಿ ಕೇಳಿದವರಿಗೆ 301 ಎಂದು ಉತ್ತರಿಸಿ ಹೊಸ ವಿಳಾಸ ಕೊಡುತ್ತದೆ, ಬ್ರೌಸರ್ ತಾನೇ ಅಲ್ಲಿಗೆ ಹೋಗುತ್ತದೆ. ಸೋಮಾರಿ ಆ್ಯಪ್ ಆದರೆ 404 ಎಂದು ಕೈತೊಳೆದುಕೊಳ್ಳುತ್ತದೆ.

ಇನ್ನು 5. ನಮ್ಮ ಆ್ಯಪ್‌ನಲ್ಲಿ ಪ್ರತಿ ತಾಲೂಕಿನ ಸರಾಸರಿ ಮಳೆಯನ್ನೂ ತೋರಿಸಬೇಕು ಎಂದುಕೊಳ್ಳಿ. ತೊಗರಿ ಬೆಳೆಯುವ ನಾಡಲ್ಲವೇ, ಮಳೆಯ ಲೆಕ್ಕ ಬೇಕೇ ಬೇಕು. ಮಳೆಯ ಮೊತ್ತವನ್ನು ದಿನಗಳ ಸಂಖ್ಯೆಯಿಂದ ಭಾಗಿಸಿದೆವು. ಒಂದು ತಾಲೂಕಿನಲ್ಲಿ ಇನ್ನೂ ಒಂದು ದಿನದ ದಾಖಲೆಯೂ ಇಲ್ಲ. ಆಗ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ! ಪ್ರೋಗ್ರಾಂ ಅಲ್ಲೇ ಮುಗ್ಗರಿಸುತ್ತದೆ, ಕೇಳಿದವರಿಗೆ 500 ಹೋಗುತ್ತದೆ. ಇಲ್ಲಿ ನೋಡುಗರ ತಪ್ಪು ಎಳ್ಳಷ್ಟೂ ಇಲ್ಲ, ಅವರು ವಿಳಾಸವನ್ನು ಹತ್ತು ಸಲ ತಿದ್ದಿ ಬರೆದರೂ ಪ್ರಯೋಜನವಿಲ್ಲ. ತಿದ್ದಬೇಕಾದವರು ಪ್ರೋಗ್ರಾಂ ಬರೆದ ನಾವು.

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬರುವುದು ಹೆಚ್ಚಾಗಿ 503, “ಸದ್ಯಕ್ಕೆ ಆಗುವುದಿಲ್ಲ, ಆಮೇಲೆ ಬನ್ನಿ”. ರಾಜ್ಯದ ಲಕ್ಷಗಟ್ಟಲೆ ಮಕ್ಕಳು, ಅವರ ಅಣ್ಣ, ಅಕ್ಕ, ಮಾವಂದಿರು ಒಂದೇ ನಿಮಿಷದಲ್ಲಿ ಕೇಳಿದರೆ ಯಾವ ಯಂತ್ರಕ್ಕೂ ಉಸಿರುಗಟ್ಟುತ್ತದೆ. ಒಂದು ಸರ್ವರ್ ಮುಂದೆ ನಿಂತು, ಹಿಂದಿನ ಇನ್ನೊಂದರ ಉತ್ತರಕ್ಕೆ ಕಾದು ಕಾದು ಸಾಕಾದರೆ 504. ಆಗ ಎಲ್ಲರೂ ಏನು ಮಾಡುತ್ತಾರೆ? ರಿಫ್ರೆಶ್, ರಿಫ್ರೆಶ್, ರಿಫ್ರೆಶ್! ಪ್ರತಿ ಒತ್ತಿಗೂ ಒಂದು ಹೊಸ ಕೋರಿಕೆ ಸಾಲಿಗೆ ಸೇರುತ್ತದೆ. ಕೆಲವು ಸರ್ವರ್‌ಗಳು ಇದನ್ನು ಎಣಿಸಿ 429 ಕೊಟ್ಟು, “ಅತಿಯಾಯಿತು, ಸ್ವಲ್ಪ ಸುಮ್ಮನಿರಿ” ಎನ್ನುತ್ತವೆ. ಇದು 4ರಿಂದ ಶುರುವಾಗುತ್ತದೆ ಎಂಬುದನ್ನು ಗಮನಿಸಿದಿರಾ? ಇಲ್ಲಿ ಎಡವಿದವರು ನಾವೇ. ಹತ್ತು ನಿಮಿಷ ಬಿಟ್ಟು ನೋಡುವುದು ಲೇಸು.

ಸರಿಪಡಿಸುವವರು ಮೊದಲು ನೋಡುವುದು ಸರ್ವರ್‌ನ ಲಾಗ್ ಅನ್ನು. ಬಂದ ಒಂದೊಂದು ಕೋರಿಕೆಗೂ ಅಲ್ಲಿ ಒಂದು ಸಾಲು ಇರುತ್ತದೆ: ಎಷ್ಟು ಹೊತ್ತಿಗೆ ಬಂತು, ಯಾವ ವಿಳಾಸ ಕೇಳಿತು, ಯಾವ ಸಂಖ್ಯೆ ಕೊಟ್ಟು ಕಳಿಸಿತು. ದಿನಕ್ಕೆ ಲಕ್ಷ ಸಾಲು ಇದ್ದರೂ ನಿಮ್ಮದನ್ನು ಹುಡುಕಲು ಈ ಮೂರು ಸಾಕು. ಆದ್ದರಿಂದ ಮುಂದೆ ಯಾವಾಗಲಾದರೂ ಇಂಥ ಪುಟ ಎದುರಾದರೆ ಮುಚ್ಚುವ ಮುಂಚೆ ಸಂಖ್ಯೆ, ಪೂರ್ತಿ ವಿಳಾಸ, ಗಂಟೆ-ನಿಮಿಷ ಬರೆದುಕೊಂಡು ಸಹಾಯವಾಣಿಗೆ ಕಳಿಸಿ. ಸಮಯದ ಪಕ್ಕದಲ್ಲಿ ‘ಭಾರತೀಯ ಕಾಲಮಾನ’ ಎಂದು ಬರೆಯುವುದನ್ನು ಮರೆಯಬೇಡಿ. ಅನೇಕ ಸರ್ವರ್‌ಗಳ ಗಡಿಯಾರ ಜಾಗತಿಕ ಕಾಲಮಾನದಲ್ಲಿ ಓಡುತ್ತದೆ, ಅದು ನಮಗಿಂತ ಐದೂವರೆ ಗಂಟೆ ಹಿಂದೆ. ಜೇವರ್ಗಿಯಲ್ಲಿ ಬೆಳಿಗ್ಗೆ 10.30ಕ್ಕೆ ಕಂಡ 500, ಲಾಗ್‌ನಲ್ಲಿ ನಸುಕಿನ 5 ಗಂಟೆಯ ಸಾಲಿನಲ್ಲಿರುತ್ತದೆ.