ಗರಗಸ ಮಷೀನು ಮತ್ತು ಸಾಲ
(ಕಮಲಾಪುರದ ರೈತರಿಗೆ ಹೇಳಿದ ಮಾತು)



ಬದುವಿನ ಬಳ್ಳಾರಿ ಜಾಲಿ ಕಡಿಯಲು ಸಾಲ ಮಾಡಿ, ಕಲಬುರಗಿಯಿಂದ ಪೆಟ್ರೋಲ್ ಗರಗಸ ತರುತ್ತೀರಿ. ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಎಂಜಿನ್ ಸೀಜ್ ಆಗ್ತದ. ಮಷೀನು ಹೋಯಿತು, ಬಡ್ಡಿ ಉಳೀತು.

ಇದು ಟೂ-ಸ್ಟ್ರೋಕ್ ಎಂಜಿನ್. ಪೆಟ್ರೋಲಿನಲ್ಲೇ 2ಟಿ ಎಣ್ಣೆ ಬೆರೆಸಬೇಕು. ಮಷೀನಿನ ಪುಸ್ತಕದಾಗ 50ಕ್ಕೆ 1 ಅಂತಿದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಅಂತಿದ್ದರೆ 40 ಮಿಲಿ. ಚೈನಿನ ಎಣ್ಣೆ ಬೇರೆ, ಅದರ ಟ್ಯಾಂಕೂ ಬೇರೆ. ಎಂಜಿನ್ ಆರಿದ ಮೇಲೆಯೇ ಪೆಟ್ರೋಲ್ ತುಂಬಿರಿ; ಬೀಡಿ ದೂರ ಇರಲಿ. ಚೈನ್ ಸಡಿಲಾದರೆ ಮಷೀನು ನಿಲ್ಲಿಸಿ ಬಿಗಿ ಮಾಡಿರಿ.

ಪಟ್ಟಿಯ ತುದಿಯ ಮೇಲ್ಭಾಗ ಕಟ್ಟಿಗೆಗೆ ತಾಗಿಸಬ್ಯಾಡ್ರಿ, ಗರಗಸ ಮುಖಕ್ಕೇ ಚಿಮ್ಮುತ್ತದೆ. ಎರಡೂ ಕೈಯಿಂದ ಹಿಡಿಯಿರಿ, ಹೆಗಲಿಗಿಂತ ಮೇಲೆ ಎತ್ತಬ್ಯಾಡ್ರಿ. ಧೋತರ ಬ್ಯಾಡ, ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಇರಲಿ.

ತೊಗರಿಯ ಬೆಲೆ ನಮ್ಮ ಕೈಯಾಗಿಲ್ಲ. ಇದಾದರೂ ನಮ್ಮ ಕೈಯಾಗೇ ಅದ.