ಕೇಕಿನ ಅಚ್ಚಿನಲ್ಲಿ ಮನೆ ಸೋಪು

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ನಡೆದ ಮಹಿಳಾ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಮಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಸೋಪು ಮಾಡಿ ಒಂದಿಷ್ಟು ಅಭ್ಯಾಸವಿದೆ, ಅದನ್ನೇ ಹೇಳುತ್ತೇವೆ. ನಮ್ಮ ಸಂಘದ ಗೋದಾಮಿನಲ್ಲಿ ಕೇಕ್ ಅಂದರೆ ಹಿಂಡಿ. ಬೇವಿನ ಹಿಂಡಿ ಚೀಲದ ಮೇಲೂ ಹಾಗೇ ಬರೆದಿರುತ್ತೆ. ಹಾಗಾಗಿ ಆಹ್ವಾನ ಪತ್ರಿಕೆ ನೋಡಿದ ಕೆಲವು ಯಜಮಾನರು, "ಹಿಂಡೀಲಿ ಸೋಪು ಮಾಡ್ತೀರೇನಮ್ಮಾ?" ಅಂತ ಕೇಳಿದ್ದುಂಟು. ಇದು ಆ ಕೇಕಲ್ಲ, ಹುಟ್ಟುಹಬ್ಬದ ಕೇಕು. ಅದರ ಅಚ್ಚಿಗೆ ಸೋಪು ಹುಯ್ಯುವ ವಿಚಾರ.

ನಮ್ಮದು ಕೊಬ್ಬರಿ ಸೀಮೆ. ಒಳ್ಳೆ ಉಂಡೆ ಕೊಬ್ಬರಿ ತಿಪಟೂರು ಮಾರುಕಟ್ಟೆಗೆ ಹೋಗುತ್ತದೆ. ಒಡೆದದ್ದು, ಚೂರಾದದ್ದು, ಕೌಟು ಹಿಡಿದದ್ದು ಮನೆಯಲ್ಲಿ ಉಳಿಯುತ್ತದೆ. ಅದಕ್ಕೆ ಸಿಗುವ ಬೆಲೆ ನಿಮಗೇ ಗೊತ್ತು. ಗಾಣಕ್ಕೆ ಹಾಕಿಸಿದರೆ ಬರುವ ಎಣ್ಣೆ ಒಗ್ಗರಣೆಗಾಗದು, ತಲೆಗೂ ಆಗದು, ಸೋಪಿಗೆ ಆಗುತ್ತದೆ. ತೀರಾ ಕೌಟಾಗಿದ್ದರೆ ಮಾತ್ರ ವಾಸನೆ ಸೋಪಿನಲ್ಲೂ ಉಳಿಯುತ್ತೆ. ಕೊಬ್ಬರಿ ಎಣ್ಣೆ ಸೋಪಿನ ದೊಡ್ಡ ಗುಣ ಏನೆಂದರೆ ನಮ್ಮ ಬೋರ್‌ವೆಲ್ಲಿನ ಸವಳು ನೀರಲ್ಲೂ ಚೆನ್ನಾಗಿ ನೊರೆ ಬರುತ್ತೆ. ಮೈ ಸ್ವಲ್ಪ ಒಣಗಿದ ಹಾಗಾಗುತ್ತೆ ಅನ್ನುವುದು ಅದರ ದೋಷ.

ಸೀಗೆ, ಅಂಟುವಾಳ, ಚೌಳು ಮಣ್ಣು ನಮ್ಮ ಅಜ್ಜಿಯರ ಕಾಲದಿಂದ ಇದ್ದವು. ಸೋಪು ಆಮೇಲೆ ಬಂತು. ಮೊದಲ ಮಹಾಯುದ್ಧದಲ್ಲಿ ಶ್ರೀಗಂಧ ಯುರೋಪಿಗೆ ಹೋಗದೆ ಇಲ್ಲೇ ರಾಶಿ ಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ 1916ರಲ್ಲಿ ಗಂಧದೆಣ್ಣೆ ತೆಗೆಯಲು ಶುರುಮಾಡಿದರು. 1918ರಲ್ಲಿ ಗಂಧದ ಸೋಪು ಬಂತು. ಉಳಿದುಹೋದ ಮಾಲಿಗೆ ದಾರಿ ಹುಡುಕಿದ್ದು ಅದು. ನಮ್ಮದೂ ಅದೇ ಲೆಕ್ಕ, ಆದರೆ ಬಕೆಟ್ಟಿನಷ್ಟು.

ಇನ್ನು ಕೆಲಸಕ್ಕೆ ಬರೋಣ. 1 ಕೆಜಿ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ನಾವು 170 ಗ್ರಾಂ ಮಾತ್ರ ಹಾಕುತ್ತೇವೆ. ಸ್ವಲ್ಪ ಎಣ್ಣೆ ಹಾಗೇ ಉಳಿದರೆ ಮೈಗೆ ಹಿತ, ಕಾಸ್ಟಿಕ್ ಉಳಿದರೆ ಮೈ ಸುಡುತ್ತೆ. ನೀರು 350 ಗ್ರಾಂ. ನೀರನ್ನೂ ತೂಗಿಯೇ ಹಾಕಬೇಕು. ಸಾರಿಗೆ ಉಪ್ಪು ಹಾಕುವ ಕೈಯಳತೆ ಇಲ್ಲಿ ನಡೆಯಲ್ಲ. ಒಂದೊಂದು ಎಣ್ಣೆಗೂ ಲೆಕ್ಕ ಬೇರೆ. ಹರಳೆಣ್ಣೆಗೆ ಕೆಜಿಗೆ 128 ಗ್ರಾಂ ಸಾಕು, ಕೊಬ್ಬರಿ ಎಣ್ಣೆಯ ಲೆಕ್ಕ ಹಿಡಿದು ಅದಕ್ಕೂ ಹಾಕಿದರೆ ಕೆಟ್ಟಿತು.

ನೀರಿಗೆ ಕಾಸ್ಟಿಕ್ ಹಾಕಬೇಕು. ಕಾಸ್ಟಿಕ್ಕಿನ ಮೇಲೆ ನೀರು ಸುರಿಯಲೇಬಾರದು, ಕುದಿದು ಮುಖಕ್ಕೆ ಸಿಡಿಯುತ್ತೆ. ಒಲೆಯೇ ಇಲ್ಲದೆ ನೀರು ಬಿಸಿಯಾಗಿ ಹೊಗೆ ಬರುತ್ತದೆ, ಆದ್ದರಿಂದ ಜಗಲಿಯಲ್ಲಿ ಮಾಡಿ. ಕೈಗೆ ರಬ್ಬರ್ ಗ್ಲೌಸು, ಕಣ್ಣಿಗೆ ಕನ್ನಡಕ. ಕೈ ಮೇಲೆ ಬಿದ್ದರೆ ನಿಂಬೆಹಣ್ಣು ಹಿಂಡುತ್ತಾ ಕೂರಬೇಡಿ, ನಲ್ಲಿ ತಿರುಗಿಸಿ ಸುಮ್ಮನೆ ನೀರು ಬಿಡಿ, ಬಹಳ ಹೊತ್ತು ಬಿಡಿ. ಎರಡೂ ಉಗುರುಬೆಚ್ಚಗಾದ ಮೇಲೆ ಎಣ್ಣೆಗೆ ಬೆರೆಸಿ, ದೋಸೆಹಿಟ್ಟಿನ ಹದ ಬರುವವರೆಗೆ ತಿರುಗಿಸಿ ಅಚ್ಚಿಗೆ ಹುಯ್ಯುವುದು. ಮಾರನೇ ದಿನ ಬಿಡಿಸಬಹುದು. ಆದರೆ ನಾಲ್ಕರಿಂದ ಆರು ವಾರ ಗಾಳಿಯಾಡುವ ಕಡೆ ಮಾಗಬೇಕು. ಅಷ್ಟರಲ್ಲಿ ನೀರಿನಂಶ ಆರಿ ತೂಕ ಇಳಿಯುತ್ತೆ, ಸೋಪು ಗಟ್ಟಿಯಾಗುತ್ತೆ.

ಅಚ್ಚಿನ ವಿಚಾರದಲ್ಲಿ ನಾವು ಎರಡು ಸಾರಿ ಕೆಟ್ಟೆವು. ಮೊದಲ ಸಲ ಸಂತೆಯಲ್ಲಿ ಸಿಕ್ಕಿದ ಅಲ್ಯುಮಿನಿಯಂ ಕೇಕ್ ತಟ್ಟೆಗೇ ಹುಯ್ದೆವು. ಕಾಸ್ಟಿಕ್ ಅಲ್ಯುಮಿನಿಯಮ್ಮನ್ನು ತಿನ್ನುತ್ತೆ, ಗುಳ್ಳೆ ಏಳುತ್ತೆ ಅನ್ನುವುದು ನಮಗೆ ಗೊತ್ತಿರಲಿಲ್ಲ. ಸೋಪು ಬೂದು ಬಣ್ಣಕ್ಕೆ ತಿರುಗಿತು, ತಟ್ಟೆಯೂ ಹಾಳು. ಆಗ ಬರುವ ಗಾಳಿ ಬೆಂಕಿ ಹತ್ತುವಂಥದ್ದು, ಒಲೆಯ ಹತ್ತಿರ ಇರದಿದ್ದದ್ದು ಪುಣ್ಯ. ಈಗ ಸಿಲಿಕಾನ್ ಅಚ್ಚು ತಂದಿದ್ದೇವೆ, ಹಿಂದಿನಿಂದ ಒತ್ತಿದರೆ ಬಿಟ್ಟುಕೊಳ್ಳುತ್ತೆ.

ಎರಡನೆಯದು ಹೇಳಲು ನಾಚಿಕೆ, ಆದರೂ ಹೇಳಬೇಕು. ಅಚ್ಚು ಬಂದ ಹುರುಪಿನಲ್ಲಿ ನಾವು ಸೋಪನ್ನು ಥೇಟ್ ಕೇಕಿನ ಹಾಗೇ ಮಾಡಿದೆವು. ಕೆಳಗಿನ ಪದರಕ್ಕೆ ಅರಿಶಿನ ಹಾಕಿದೆವು. ಅರಿಶಿನಕ್ಕೆ ಸುಣ್ಣ ಸೇರಿದರೆ ಆರತಿ ತಟ್ಟೆಯ ಓಕುಳಿ ಕೆಂಪಾಗುತ್ತಲ್ಲ, ಕಾಸ್ಟಿಕ್ ತಾಗಿದರೂ ಹಾಗೇ ಕೆಂಪು. ಮೇಲೆ ಬಿಳಿ ಸೋಪನ್ನು ಚಮಚದಲ್ಲಿ ಕೆನೆ ಥರ ಎತ್ತಿದೆವು. ನೋಡಿದವರೆಲ್ಲ ಭೇಷ್ ಅಂದರು. ಮಾರನೇ ದಿನ ನಮ್ಮಲ್ಲೊಬ್ಬರ ಮೊಮ್ಮಗ, ನಾಲ್ಕು ವರ್ಷದ ಕೂಸು, ನಡುಮನೆ ಕಪಾಟಿನಿಂದ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಿತು. ಹುಯ್ದು ಒಂದೇ ದಿನ ಆಗಿದ್ದ ಸೋಪು. ತುಟಿ, ನಾಲಗೆ ಬೊಬ್ಬೆ ಬಂದವು. ವಾಂತಿ ಮಾಡಿಸಿ ಅಂತ ಪಕ್ಕದವರು ಉಪ್ಪುನೀರು ತಂದರು. ಪುಣ್ಯಕ್ಕೆ ಮಗುವಿನ ತಾಯಿ ಬೇಡವೆಂದು ಬಾಯಿ ಮಾತ್ರ ತೊಳೆಸಿ ಆಸ್ಪತ್ರೆಗೆ ಓಡಿದಳು. ವಾಂತಿ ಮಾಡಿಸಿದ್ದರೆ ಗಂಟಲು ಎರಡನೇ ಸಲ ಸುಡುತ್ತಿತ್ತು ಅಂತ ಡಾಕ್ಟರು ಹೇಳಿದರು. ಮಗು ಉಳಿಯಿತು, ಈಗ ಆರಾಮಾಗಿದೆ. ಆದರೆ ಆ ರಾತ್ರಿ ಆಸ್ಪತ್ರೆ ಜಗಲಿಯಲ್ಲಿ ಕೂತಿದ್ದ ನಾವು ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆಮೇಲೆ ಜಗಳವೇ ಆಯಿತು. ಅಚ್ಚೇ ಬೇಡ, ಬಾರ್ ಸೋಪಿನ ಹಾಗೆ ಕತ್ತರಿಸಿ ಅಂದರು ಹಿರಿಯರು. ಅಂದ ಇಲ್ಲದಿದ್ದರೆ ಯಾರು ಕೇಳ್ತಾರೆ ಅಂದರು ಸೊಸೆಯಂದಿರು. ಕೊನೆಗೆ ಅಚ್ಚು ಇಟ್ಟುಕೊಂಡೆವು, ಪದರ, ಕೆನೆ, ಏಲಕ್ಕಿ ವಾಸನೆ ಬಿಟ್ಟೆವು. ಸಾದಾ ದುಂಡನೆಯ ಬಿಲ್ಲೆ, ಬೇವಿನ ಸೊಪ್ಪಿನ ಪುಡಿ, ಅಷ್ಟೆ. ಮಾಗಲು ಇಡುವುದು ಮನೆಯಲ್ಲಲ್ಲ. ಗೋದಾಮಿನ ಅಟ್ಟದ ಮೇಲೆ, ಬೀಗ ಹಾಕಿ, ಹುಯ್ದ ತಾರೀಖು ಬರೆದು ಇಡುತ್ತೇವೆ. ಉಳಿದ ಕಾಸ್ಟಿಕ್ಕನ್ನೂ ಅಲ್ಲೇ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇವೆ. ಅದು ಕಲ್ಲುಪ್ಪಿನ ಹಾಗೇ ಕಾಣುತ್ತೆ, ಅಡಿಗೆ ಮನೆಗೆ ತರಲೇಬೇಡಿ.

ಸಂಘದ ಅಂಗಡಿಯಲ್ಲಿ ಮಾರಿ ಅಂತ ಅನೇಕರು ಕೇಳುತ್ತಿದ್ದಾರೆ. ಮೈಗೆ ಹಚ್ಚುವ ಸೋಪನ್ನು ಮಾರಾಟಕ್ಕೆ ತಯಾರಿಸಲು ಪರವಾನಗಿ ಬೇಕು. 2020ರ ಸೌಂದರ್ಯವರ್ಧಕ ನಿಯಮಗಳಲ್ಲಿ ಅದಿದೆ. ಆಡಳಿತ ಮಂಡಳಿ ಅರ್ಜಿ ಹಾಕಿದರೆ ನಾವು ದುಡಿಯಲು ಸಿದ್ಧ. ಅಲ್ಲಿಯವರೆಗೆ ನಮ್ಮ ನಮ್ಮ ಮನೆಗಷ್ಟೇ.

ಬರುವ ಅಮಾವಾಸ್ಯೆ ಕಳೆದ ಸೋಮವಾರ ಗೋದಾಮಿನ ಹಿಂದಿನ ಜಗಲಿಯಲ್ಲಿ ಸೋಪು ಹುಯ್ಯುತ್ತೇವೆ. ಬರುವವರು ಎಣ್ಣೆಯನ್ನು ತೂಗಿಸಿಕೊಂಡು, ತುಂಬು ತೋಳಿನ ರವಿಕೆ ಹಾಕಿಕೊಂಡು ಬನ್ನಿ. ಚಿಕ್ಕ ಮಕ್ಕಳನ್ನು ಅಂಗನವಾಡಿಯಲ್ಲೋ ಅತ್ತೆಯವರ ಹತ್ತಿರವೋ ಬಿಟ್ಟು ಬನ್ನಿ.